ಗೆರೆಗೆ ಬೇಕಾದ ಭಾಷೆ

ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳಿಗೆ ಗಣಕಯಂತ್ರದ ವಿದ್ಯೆ ಒಲಿಯುವುದೇ? ನಾರ್ವ, ಮಕ್ತಲ್, ಗದ್ವಾಲ ಕಡೆಯ ಪಾಲಕರನ್ನು ಕಾಡುವ ಪ್ರಶ್ನೆಗಳಲ್ಲಿ ಇದೂ ಒಂದು. ಇದಕ್ಕೆ ವಾದದಿಂದ ಉತ್ತರ ಹುಡುಕುವುದಕ್ಕಿಂತ ಪರದೆಯ ಮೇಲೆ ಒಂದು ಗೆರೆ ಎಳೆದು ನೋಡುವುದು ಮೇಲು.

ಪೈಥಾನ್ ಎಂಬುದು 1991ರಲ್ಲಿ ಹೊರಬಂದ, ಉಚಿತವಾಗಿ ದೊರೆಯುವ ಗಣಕಭಾಷೆ. ಅದರೊಂದಿಗೆ ಸಾಮಾನ್ಯವಾಗಿ ಬರುವ ಟಿಕಿಂಟರ್ ಎಂಬ ಸಾಧನದಲ್ಲಿ ‘ಕ್ಯಾನ್ವಾಸ್’ ಎಂಬ ಚಿತ್ರಫಲಕವಿದೆ. ‘ಕ್ರಿಯೇಟ್ ಲೈನ್’ ಎಂಬ ಆಜ್ಞೆಗೆ ನಾಲ್ಕು ಸಂಖ್ಯೆಗಳನ್ನು ಕೊಟ್ಟರೆ ಆ ಫಲಕದ ಮೇಲೆ ಗೆರೆ ಮೂಡುತ್ತದೆ. ಮೊದಲ ಎರಡು ಸಂಖ್ಯೆಗಳು ಗೆರೆಯ ಒಂದು ತುದಿಯನ್ನೂ ಉಳಿದ ಎರಡು ಇನ್ನೊಂದು ತುದಿಯನ್ನೂ ತಿಳಿಸುತ್ತವೆ. ಇದು ಒಂಬತ್ತನೆಯ ತರಗತಿಯ ನಿರ್ದೇಶಾಂಕ ರೇಖಾಗಣಿತವೇ ಹೊರತು ಬೇರೇನಲ್ಲ. ಬಿಂದುವಿನ ನೆಲೆಯನ್ನು ಸಂಖ್ಯೆಗಳಿಂದ ಹೇಳುವ ಈ ಬಗೆಗೆ ಫ್ರಾನ್ಸಿನ ದೇಕಾರ್ತ್ 1637ರಲ್ಲಿ ಪ್ರಕಟಿಸಿದ ರೇಖಾಗಣಿತದ ಗ್ರಂಥವು ಬುನಾದಿ ಹಾಕಿತು.

ನಮ್ಮ ನೆರೆಯ ನಾರಾಯಣಪೇಟೆಯ ಸೀರೆಯನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಭೌಗೋಳಿಕ ಗುರುತು ಪಡೆದ ಆ ಸೀರೆಯ ಒಡಲಲ್ಲಿ ಚೌಕಳಿ, ಅಂಚಿನಲ್ಲಿ ಗುಡಿ ಗೋಪುರದಾಕಾರ ಕಾಣುತ್ತವೆ. ಚೌಕಳಿಯನ್ನು ಪರದೆಗೆ ತರಲು 440 ಅಗಲ, 440 ಎತ್ತರದ ಫಲಕ ಸಾಕು. 20ರಿಂದ 420ರವರೆಗೆ 40 ಬಿಂದುಗಳಿಗೊಂದರಂತೆ ಹಾಸಿನ ಹಾಗೆ ಉದ್ದಕ್ಕೆ 11 ಗೆರೆ, ಹೊಕ್ಕಿನ ಹಾಗೆ ಅಡ್ಡಕ್ಕೆ 11 ಗೆರೆ ಎಳೆದರೆ 100 ಮನೆಗಳು ಮೂಡುತ್ತವೆ. ಇಪ್ಪತ್ತೆರಡು ಬಾರಿ ಆಜ್ಞೆ ಬರೆಯಬೇಕಾಗಿಲ್ಲ. ‘ಫಾರ್’ ಎಂಬ ಆವರ್ತನೆಯೊಳಗೆ ಎರಡೇ ಆಜ್ಞೆಗಳು ಸಾಕು. ಆದರೆ ಒಂದು ಎಚ್ಚರ ಬೇಕು. ‘ರೇಂಜ್’ನಲ್ಲಿ ಬರೆದ ಕೊನೆಯ ಸಂಖ್ಯೆ ಎಣಿಕೆಗೆ ಸೇರುವುದಿಲ್ಲ. 420 ಎಂದು ಬರೆದರೆ ಎಣಿಕೆ 380ಕ್ಕೇ ನಿಂತು ಹನ್ನೊಂದನೆಯ ಗೆರೆ ತಪ್ಪಿಹೋಗುತ್ತದೆ. 421 ಎಂದು ಬರೆಯಬೇಕು.

ಅಂಚಿನ ಗೋಪುರದಲ್ಲಿ ಇದಕ್ಕಿಂತ ದೊಡ್ಡ ಪರೀಕ್ಷೆ ಕಾದಿರುತ್ತದೆ. ಗೋಪುರದ ಬುಡ (20, 100) ಮತ್ತು (60, 100) ಬಿಂದುಗಳಲ್ಲಿರಲಿ. ಶಿಖರ ಬುಡಕ್ಕಿಂತ ಮೇಲಿರಬೇಕೆಂದು ವಿದ್ಯಾರ್ಥಿ (40, 140) ಎಂದು ಬರೆದರೆ ಗೋಪುರ ತಲೆಕೆಳಗಾಗಿ ತೂಗುತ್ತದೆ. ಗಣಿತದ ಪುಸ್ತಕದಲ್ಲಿ ಎರಡನೆಯ ಸಂಖ್ಯೆ ಬೆಳೆದಂತೆ ಬಿಂದು ಮೇಲೇರುತ್ತದೆ. ಕ್ಯಾನ್ವಾಸಿನಲ್ಲಿ ಮೂಲಬಿಂದು ಇರುವುದು ಎಡ ಮೇಲ್ತುದಿಯಲ್ಲಿ; ಅಲ್ಲಿ ಎರಡನೆಯ ಸಂಖ್ಯೆ ಬೆಳೆದಂತೆ ಬಿಂದು ಕೆಳಗಿಳಿಯುತ್ತದೆ, ಪುಟದ ಸಾಲುಗಳನ್ನು ಮೇಲಿನಿಂದ ಕೆಳಕ್ಕೆ ಎಣಿಸಿದ ಹಾಗೆ. ಆದುದರಿಂದ ಶಿಖರ (40, 60) ಆಗಬೇಕು.

ಈ ತಪ್ಪನ್ನು ತಿದ್ದುವ ಬಲ ಎಲ್ಲಿಂದ ಬರುತ್ತದೆ ಎಂಬುದೇ ಪಾಲಕರು ಗಮನಿಸಬೇಕಾದ ಸಂಗತಿ. ಮೂಲಬಿಂದು ಎಂದರೇನು, ಅಕ್ಷವೆಂದರೇನು ಎಂಬುದನ್ನು ತಾಯ್ನುಡಿಯಲ್ಲಿ ಮನದಟ್ಟು ಮಾಡಿಕೊಂಡ ಮಗು ಮೂಲಬಿಂದುವಿನ ಸ್ಥಾನ ಬದಲಾಗಿದೆಯೆಂದು ತಾನೇ ಊಹಿಸಬಲ್ಲದು. ಅರ್ಥವಾಗದ ಭಾಷೆಯಲ್ಲಿ ಸೂತ್ರ ಬಾಯಿಪಾಠ ಮಾಡಿದ ಮಗುವಿಗೆ ತಲೆಕೆಳಗಾದ ಗೋಪುರ ಒಗಟಾಗಿಯೇ ಉಳಿಯುತ್ತದೆ.

ಆಜ್ಞೆಯ ಪದಗಳು ಇಂಗ್ಲಿಷಿನವು ಎಂಬುದು ನಿಜ, ಅವುಗಳನ್ನು ಕಲಿಯಲೇಬೇಕು. ಆದರೆ ಈ ಚೌಕಳಿಗೆ ಬೇಕಾದವು ಬೆರಳೆಣಿಕೆಯಷ್ಟೇ. ಉಳಿದ ಹೆಸರುಗಳನ್ನು ಬರೆಯುವವರೇ ಇಡುತ್ತಾರೆ. 2008ರಲ್ಲಿ ಬಂದ ಪೈಥಾನ್ 3ರಿಂದ ಈಚೆಗೆ ಅವು ಕನ್ನಡ ಲಿಪಿಯಲ್ಲೇ ಇರಬಹುದು. ‘ಅಗಲ’, ‘ಗೆರೆ’, ‘ಶಿಖರ’ ಎಂದು ಬರೆದರೂ ಯಂತ್ರ ತಡೆಯಿಲ್ಲದೆ ಒಪ್ಪುತ್ತದೆ.

ಮನೆಯಲ್ಲಿ ಗಣಕಯಂತ್ರವಿಲ್ಲದಿದ್ದರೂ ಅಭ್ಯಾಸ ನಿಲ್ಲಬೇಕಾಗಿಲ್ಲ. ಚೌಕಳಿ ಹಾಳೆಯ ಎಡ ಮೇಲ್ತುದಿಯಲ್ಲಿ ಸೊನ್ನೆ ಬರೆದು, ಅಲ್ಲಿಂದ ಬಲಕ್ಕೂ ಕೆಳಕ್ಕೂ ಎಣಿಸುತ್ತ, ತಾಯಿಯ ಸೀರೆಯಂಚಿನ ಒಂದು ಗೋಪುರಕ್ಕೆ ಮೂರು ಬಿಂದುಗಳನ್ನು ಗುರುತಿಸಲು ಮಗುವಿಗೆ ಹೇಳಬಹುದು. ಅಂದು ಹಾಳೆಯಲ್ಲಿ ಬರೆದಿಟ್ಟ ಆ ಆರು ಸಂಖ್ಯೆಗಳನ್ನೇ ಮುಂದೆ ಶಾಲೆಯ ಯಂತ್ರದ ಮುಂದೆ ಕುಳಿತಾಗ ಆಜ್ಞೆಗೆ ಕೊಡಬಹುದು.