ಟೈಲ್ಸ್‌ಗಿಂತ ಮೊದಲು ಗಾಳಿ, ಬೆಳಕು

ಹಿರಿಯರಿಂದ ಪಾಲಿಗೆ ಬಂದ ಮನೆಗೆ ಮರಳುವವರು, ನಿವೇಶನದ ಬೆಲೆಗೆ ಹೆದರಿ ಹಳೆಯ ಮನೆಯನ್ನೇ ಖರೀದಿಸುವವರು, ಬಾಡಿಗೆ ಕಟ್ಟಿ ಬೇಸತ್ತು ಊರೊಳಗಿನ ಓಣಿಗೆ ಬರುವವರು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಲ್ಲಿ ಬೇಕಾದಷ್ಟಿದ್ದಾರೆ. ಕೈಯಲ್ಲಿ ಒಂದಿಷ್ಟು ಉಳಿತಾಯ, ಉಳಿದದ್ದು ಸಾಲ. ರಮಝಾನ್ ಬರುವ ಮುನ್ನ ಅಥವಾ ಮಗಳ ನಿಕಾಹ್‌ಗೆ ಮುನ್ನ ಮನೆ ಸಿದ್ಧವಾಗಬೇಕೆಂಬ ಅವಸರ ಬೇರೆ.

ಆ ಹಣ ಮೊದಲು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಗಮನಿಸಿದ್ದೀರಾ? ಮುಂಭಾಗದ ಬಣ್ಣಕ್ಕೆ, ಪಡಸಾಲೆಯ ಟೈಲ್ಸ್‌ಗೆ, ಪಿಒಪಿ ಸೀಲಿಂಗ್‌ಗೆ. ಕಿಟಕಿ, ಬಚ್ಚಲು, ಶೌಚಾಲಯ, ವೈರಿಂಗ್‌ಗಳ ಸರದಿ ಬರುವಷ್ಟರಲ್ಲಿ ಹಣ ಮುಗಿದಿರುತ್ತದೆ. ಈ ಕ್ರಮ ತಲೆಕೆಳಗಾಗಬೇಕು ಎಂಬುದೇ ನನ್ನ ವಾದ. ಅತಿಥಿ ಕುಳಿತುಕೊಳ್ಳುವ ಜಾಗಕ್ಕಿಂತ ಮನೆಯವರು ದಿನವಿಡೀ ಉಸಿರಾಡುವ ಜಾಗ ಮುಖ್ಯ.

ಅಂಗಳ ಮುಚ್ಚಿದರೆ ಏನು ಹೋಗುತ್ತದೆ?

ನಮ್ಮ ಭಾಗದ ಹಳೆಯ ಮನೆಗಳನ್ನು ನೆನಪಿಸಿಕೊಳ್ಳಿ. ದಪ್ಪನೆಯ ಕಲ್ಲು-ಮಣ್ಣಿನ ಗೋಡೆ, ಮೇಲೆ ತೊಲೆ, ಜಂತಿ, ಮಣ್ಣಿನ ಮಾಳಿಗೆ, ಮಾಳಿಗೆಯಲ್ಲೊಂದು ಬೆಳಕಿಂಡಿ, ನಡುವೆ ಅಥವಾ ಹಿಂದೆ ಅಂಗಳ. ಓಣಿಯ ಕಡೆಗೆ ಕಿಟಕಿಗಳು ಕಡಿಮೆ. ಹೊರಗಿನವರ ನೋಟ ಒಳಗೆ ಬೀಳದು, ಆದರೆ ಗಾಳಿ, ಬೆಳಕು ಮೇಲಿನಿಂದ ಇಳಿಯುತ್ತಿತ್ತು. ಪರದೆಗೂ ಆರೋಗ್ಯಕ್ಕೂ ಜಗಳವಿಲ್ಲದಂತೆ ಆ ಮನೆ ಕಟ್ಟಿದವರು ಯೋಚಿಸಿದ್ದರು.

ಇಂದಿನ ದುರಸ್ತಿಯಲ್ಲಿ ಮೊದಲು ಬಲಿಯಾಗುವುದು ಈ ಅಂಗಳವೇ. ಮಗನಿಗೊಂದು ಕೋಣೆ ಬೇಕೆಂದು ಅದರ ಮೇಲೆ ಸ್ಲ್ಯಾಬ್ ಬೀಳುತ್ತದೆ. ಬೆಳಕಿಂಡಿ ಸೋರುತ್ತದೆಂದು ಅದಕ್ಕೆ ಸಿಮೆಂಟ್ ಬಡಿಯುತ್ತಾರೆ. ಎರಡೂ ಪಕ್ಕ ನೆರೆಮನೆಯ ಗೋಡೆ. ಇದ್ದ ಒಂದು ಕಿಟಕಿಗೆ ಪರದೆಯ ಹೆಸರಿನಲ್ಲಿ ಬಣ್ಣದ ಗಾಜು. ಮಟಮಟ ಮಧ್ಯಾಹ್ನವೂ ಟ್ಯೂಬ್‌ಲೈಟ್ ಉರಿಸಬೇಕಾದ ಅಡಿಗೆಮನೆ ಹೀಗೆ ಹುಟ್ಟುತ್ತದೆ.

ಇದರ ಬೆಲೆಯನ್ನು ತೆರುವವರು ಗಂಡಸರಲ್ಲ. ಅವರು ಬೆಳಿಗ್ಗೆ ಅಂಗಡಿಗೋ ಕೆಲಸಕ್ಕೋ ಹೊರಡುತ್ತಾರೆ. ಒಳಗೆ ಉಳಿಯುವವರು ಮಹಿಳೆಯರು, ಕೂಸುಗಳು, ಹಾಸಿಗೆ ಹಿಡಿದ ದಾದಿ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲು ಭಾಗ ಭಾರತದಲ್ಲಿದ್ದಾರೆ. ಈ ರೋಗ ಹರಡುವುದು ಗಾಳಿಯ ಮೂಲಕ. ಕೆಮ್ಮಿದಾಗ ಹೊರಬಂದ ರೋಗಾಣು, ಗಾಳಿಯಾಡದ ಕತ್ತಲೆ ಕೋಣೆಯಲ್ಲಿ ಗಂಟೆಗಟ್ಟಲೆ ತೇಲುತ್ತಿರಬಲ್ಲದು. ಅದೇ ಎದುರುಬದುರು ಕಿಟಕಿಯಿರುವ ಕೋಣೆಯಲ್ಲಿ ಅದು ಬೇಗ ಹೊರಹೋಗುತ್ತದೆ. ಇನ್ನೊಂದು ಮಾತು: ಹೊರಗೆ ಹೋಗುವಾಗ ಮೈ ಮುಚ್ಚುವ ಮಹಿಳೆಗೆ ಬಿಸಿಲು ಮೈಸೋಕುವ ಜಾಗ ಮನೆಯ ಅಂಗಳ ಮಾತ್ರ. ಅದೂ ಹೋದರೆ ವಿಟಮಿನ್ ಡಿ ಕೊರತೆ, ಅದರಿಂದ ಬರುವ ಮೂಳೆ ಮತ್ತು ಸ್ನಾಯುಗಳ ನೋವು ಹೆಚ್ಚುವುದು ಸಹಜ.

ಪರದೆ ಬೇಡವೆಂದು ಯಾರೂ ಹೇಳುತ್ತಿಲ್ಲ. ನೋಟಕ್ಕೆ ತಡೆ ಬೇಕು, ಗಾಳಿಗೆ ಬೇಡ. ವಿಜಯಪುರದ ಇಬ್ರಾಹಿಂ ರೋಜಾದಲ್ಲಿ ಕಲ್ಲಿನಲ್ಲಿ ಕೊರೆದ ಜಾಲಂಧ್ರಗಳನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಇಂದು ಸಿಮೆಂಟಿನ, ಸುಟ್ಟ ಮಣ್ಣಿನ ಜಾಲಿಗಳು ಮಾರುಕಟ್ಟೆಯಲ್ಲೇ ಸಿಗುತ್ತವೆ. ಆಳೆತ್ತರಕ್ಕಿಂತ ಮೇಲೆ ಜಾಲಿ ಇಟ್ಟು, ಒಳಗಡೆ ಸೊಳ್ಳೆಪರದೆ ಬಿಗಿಯಿರಿ. ಅಂಗಳವನ್ನು ಮುಚ್ಚಲೇಬೇಕಾದರೆ ನಾಲ್ಕಡಿಯಷ್ಟಾದರೂ ತೆರೆದ ಬಾಯಿ ಬಿಡಿ.

ಗೋಡೆಯೂ ಉಸಿರಾಡಲಿ

ಗಂಗಾವತಿಯ ಸುತ್ತ ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಭತ್ತದ ಗದ್ದೆ. ನೆಲದಲ್ಲೇ ತೇವವಿರುವ ಕಡೆ ಗೋಡೆ ಕೆಳಗಿನಿಂದ ನೀರು ಹೀರುತ್ತದೆ. ಕುಷ್ಟಗಿ, ಯಲಬುರ್ಗಾದ ಒಣಸೀಮೆಯಲ್ಲಿ ತೊಂದರೆ ಬರುವುದು ಹೆಚ್ಚಾಗಿ ಮೇಲಿನಿಂದ, ಅಂದರೆ ಮಾಳಿಗೆಯಿಂದ. ಎರಡೂ ಕಡೆ ಗೌಂಡಿ ಹೇಳುವ ಪರಿಹಾರ ಮಾತ್ರ ಒಂದೇ: ಸಿಮೆಂಟ್ ಗಿಲಾವು.

ಮಣ್ಣಿನಲ್ಲಿ ಕಟ್ಟಿದ ಗೋಡೆ ತೇವವನ್ನು ಹೀರಿ ಮತ್ತೆ ಹೊರಗೆ ಬಿಡುತ್ತದೆ. ಅದರ ಎರಡೂ ಮುಖಕ್ಕೆ ಸಿಮೆಂಟ್ ಬಡಿದರೆ ತೇವ ಒಳಗೇ ಸಿಕ್ಕಿಕೊಳ್ಳುತ್ತದೆ. ಎರಡು ಮಳೆಗಾಲ ಕಳೆಯುವುದರೊಳಗೆ ಬಣ್ಣ ಉಬ್ಬುತ್ತದೆ, ಬಿಳಿ ಉಪ್ಪು ಹೊರಬರುತ್ತದೆ, ಕಪಾಟಿನ ಹಿಂದೆ ಬೂಷ್ಟು ಬೆಳೆಯುತ್ತದೆ. ಈ ಬೂಷ್ಟಿನ ಕಣಗಳು ಉಬ್ಬಸ ಇರುವ ಮಗುವನ್ನು ರಾತ್ರಿಯಿಡೀ ಕೆಮ್ಮಿಸುತ್ತವೆ. ಇಂಥ ಗೋಡೆಗೆ ಸುಣ್ಣದ ಗಾರೆ, ಮೇಲೆ ಸುಣ್ಣದ ಬಣ್ಣವೇ ಸರಿ. ಸುಣ್ಣದ ಕ್ಷಾರಗುಣ ಬೂಷ್ಟನ್ನು ತಡೆಯುತ್ತದೆ, ಗೋಡೆಯ ಉಸಿರು ಕಟ್ಟಿಸುವುದಿಲ್ಲ. ಇದು ಬಡವರ ಮನೆಯ ಕೆಲಸವೆಂದು ನಾಚಬೇಕಿಲ್ಲ. ನಮ್ಮದೇ ಆನೆಗೊಂದಿಯಲ್ಲಿ ಕಿಷ್ಕಿಂದಾ ಟ್ರಸ್ಟ್ ಹಳೆಯ ಮನೆಗಳನ್ನು ಅವುಗಳ ಮೂಲ ರೂಪ ಕೆಡದಂತೆ ದುರಸ್ತಿ ಮಾಡಿ ತೋರಿಸಿದೆ. ದೂರದೂರಿನ ಅತಿಥಿಗಳು ಹಣ ಕೊಟ್ಟು ಅಲ್ಲಿ ತಂಗುತ್ತಾರೆ.

ಮಾಳಿಗೆಯ ವಿಷಯದಲ್ಲಿ ಹಳೆಯದನ್ನು ಹೊಗಳುತ್ತ ಕೂರುವಂತಿಲ್ಲ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಆರಂಭದ ಮಳೆಗೆ ಉತ್ತರ ಕರ್ನಾಟಕದಲ್ಲಿ ಮಣ್ಣಿನ ಮನೆಗಳು ಸಾಲುಸಾಲಾಗಿ ಕುಸಿದದ್ದನ್ನು ನಾವು ಮರೆತಿಲ್ಲ. ಪ್ರತಿ ವರ್ಷ ಹಳೆಯ ಮಣ್ಣನ್ನು ತೆಗೆಯದೆ ಹೊಸ ಮಣ್ಣು ಸುರಿದರೆ ಭಾರ ಏರುತ್ತಲೇ ಹೋಗುತ್ತದೆ, ನೆನೆದಾಗ ಇನ್ನಷ್ಟು. ಗೆದ್ದಲು ಹಿಡಿದ ಜಂತಿ ಆ ಭಾರ ತಾಳದು. ಮನೆಗೆ ಹೋಗುವ ಮುನ್ನ ಅನುಭವಿ ಬಡಿಗೇರನನ್ನು ಕರೆಸಿ, ತೊಲೆ ಗೋಡೆಯೊಳಗೆ ಸೇರುವ ತುದಿಗಳನ್ನು ಚುಚ್ಚಿ ನೋಡಿಸಿ. ಟೊಳ್ಳು ಕಂಡರೆ ಬದಲಾಯಿಸಿದ ನಂತರವೇ ಒಳಗೆ ಮಲಗಿ. ಮಣ್ಣಿನ ಮಾಳಿಗೆಯ ಕೆಳಗೆ ಪಿಒಪಿ ಸೀಲಿಂಗ್ ಹಾಕಿಸಲೇಬೇಡಿ. ಅಪಾಯ ಹೋಗುವುದಿಲ್ಲ, ಕಣ್ಣಿಗೆ ಕಾಣದಂತಾಗುತ್ತದೆ ಅಷ್ಟೆ.

ದೂಳು ಯಾರ ಎದೆಗೆ?

ಹಣ ಉಳಿಸಲು ಅರ್ಧ ಮನೆಯಲ್ಲಿ ವಾಸ, ಇನ್ನರ್ಧದಲ್ಲಿ ಕೆಲಸ ಎಂಬ ವ್ಯವಸ್ಥೆ ನಮ್ಮಲ್ಲಿ ಸಾಮಾನ್ಯ. ಗರ್ಭಿಣಿ, ಎಳೆಯ ಮಕ್ಕಳು, ಉಬ್ಬಸವಿರುವವರು ಇದ್ದರೆ ಹೀಗೆ ಮಾಡಬೇಡಿ. ಮನೆಗಳಿಗೆ ಬಳಿಯುವ ಬಣ್ಣದಲ್ಲಿ ಸೀಸದ ಪ್ರಮಾಣಕ್ಕೆ ನಮ್ಮ ದೇಶದಲ್ಲಿ 90 ಪಿಪಿಎಂ ಮಿತಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಬಾಗಿಲು, ಕಿಟಕಿ, ಕಬ್ಬಿಣದ ಸರಳುಗಳ ಎಣ್ಣೆಬಣ್ಣದಲ್ಲಿ ಸೀಸ ಇರಬಹುದೆಂದೇ ತಿಳಿಯಿರಿ. ಒಣಗಿದ ಬಣ್ಣವನ್ನು ಉಪ್ಪುಕಾಗದದಿಂದ ಉಜ್ಜಿದಾಗ ಏಳುವ ದೂಳು ಮಗುವಿನ ಕೈಯಿಂದ ಬಾಯಿಗೆ ಹೋಗುತ್ತದೆ. ಸೀಸ ಮಕ್ಕಳ ಮೆದುಳಿಗೆ ಹಾನಿ ಮಾಡುತ್ತದೆ, ಆ ಹಾನಿ ಮತ್ತೆ ಸರಿಹೋಗದು. ನೀರು ಚಿಮುಕಿಸಿ ಕೆರೆಸಿ, ಬಿದ್ದ ಚೂರುಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ ಚೀಲಕ್ಕೆ ತುಂಬಿಸಿ.

ಹಿತ್ತಿಲಿನ ಹಳೆಯ ಸಿಮೆಂಟ್ ಶೀಟುಗಳಲ್ಲಿ ಕಲ್ನಾರು ಇರುತ್ತದೆ. ಅದರ ನಾರು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿದೆ. ಒಡೆಯದೆ, ಗರಗಸ ಆಡಿಸದೆ, ನೀರು ಹಾಕಿ ಇಡಿಯಾಗಿ ಇಳಿಸಬೇಕು. ಗ್ರಾನೈಟ್, ಟೈಲ್ಸ್ ಕೊಯ್ಯುವ ಯಂತ್ರದ ದೂಳಿನಲ್ಲಿರುವ ಸಿಲಿಕಾ, ಕೆಲಸಗಾರನ ಶ್ವಾಸಕೋಶವನ್ನು ಮೆಲ್ಲನೆ ಕಲ್ಲಾಗಿಸುತ್ತದೆ. ಕರಣಿ, ಬ್ರಷ್, ಕಟಿಂಗ್ ಯಂತ್ರ ಹಿಡಿದು ಬದುಕುವವರು ನಮ್ಮ ಓಣಿಯ ಹುಡುಗರೇ. ಅವರಿಗೆ ಮಾಸ್ಕ್ ಕೊಡಿಸುವುದು, ನೀರು ಬಿಟ್ಟೇ ಕೊಯ್ಯಿರೆಂದು ಹೇಳುವುದು ಮನೆಯ ಒಡೆಯನ ಹೊಣೆ.

ನೆಲದ ಕೆಳಗೆ ಏನಿದೆ?

ಹಳೆಯ ಮನೆಯಲ್ಲಿ ಜೋಳ ತುಂಬುತ್ತಿದ್ದ ಹಗೇವು ಇದ್ದರೆ ಕುತೂಹಲಕ್ಕೂ ಅದರೊಳಗೆ ಇಳಿಯಬೇಡಿ. ಮುಚ್ಚಿದ ಹಗೇವಿನಲ್ಲಿ ಆಮ್ಲಜನಕ ಇಲ್ಲದಾಗಿ, ಇಳಿದವನು ಕೂಗುವ ಮೊದಲೇ ಪ್ರಜ್ಞೆ ತಪ್ಪುತ್ತಾನೆ. ಎತ್ತಲು ಹೋದವನೂ ಅಲ್ಲೇ ಉಳಿಯುತ್ತಾನೆ. ಬಾಯಿ ತೆರೆದು, ಸುತ್ತ ಬೇಲಿ ಹಾಕಿ, ಮೇಲಿನಿಂದಲೇ ಮಣ್ಣು ತುಂಬಿಸಿ ಗಟ್ಟಿ ಮಾಡಿ. ಶೌಚಗುಂಡಿಗೂ ಇದೇ ಮಾತು. ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರನ್ನು ಅದರೊಳಗೆ ಇಳಿಸುವುದು 2013ರ ಕಾಯ್ದೆಯಂತೆ ಅಪರಾಧ. ಸಕ್ಕಿಂಗ್ ಯಂತ್ರ ತರಿಸಿ.

ಹಿತ್ತಿಲಲ್ಲಿ ಕೊಳವೆಬಾವಿ ಇದೆಯೆಂದು ಸಂತೋಷಪಡುವ ಮುನ್ನ ನೀರು ಪರೀಕ್ಷಿಸಿ. ನಮ್ಮ ಜಿಲ್ಲೆಯಲ್ಲಿ, ಅದರಲ್ಲೂ ಕುಷ್ಟಗಿ, ಯಲಬುರ್ಗಾ ಭಾಗದಲ್ಲಿ, ಅಂತರ್ಜಲದ ಫ್ಲೋರೈಡ್ ಹಳೆಯ ಪಿಡುಗು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರು ಮಕ್ಕಳ ಹಲ್ಲನ್ನು ಕಲೆಗಟ್ಟಿಸುತ್ತದೆ. ಪ್ರಮಾಣ ಇನ್ನೂ ಹೆಚ್ಚಿದ್ದು, ವರ್ಷಗಟ್ಟಲೆ ಕುಡಿದರೆ ಮೂಳೆಯನ್ನು ಬಿಗಿಯುತ್ತದೆ. ಕುದಿಸಿದರೆ ಫ್ಲೋರೈಡ್ ಹೋಗದು, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ಅದನ್ನು ಬಳಕೆಗೆ ಇಟ್ಟುಕೊಂಡು, ಕುಡಿಯಲು ಮತ್ತು ಅಡಿಗೆಗೆ ಶುದ್ಧೀಕರಿಸಿದ ನೀರು ತನ್ನಿ.

ಕೆಲಸ ನಡೆಯುವಾಗ ಸ್ಲ್ಯಾಬ್ ಕ್ಯೂರಿಂಗಿಗೆ ನಿಲ್ಲಿಸಿದ ನೀರು, ತೆರೆದ ಸಂಪು, ವುಝೂಗೆಂದು ತುಂಬಿಟ್ಟ ಡ್ರಮ್ ಇವೆಲ್ಲ ಡೆಂಗಿ ಸೊಳ್ಳೆಯ ತವರು. ಮೊಟ್ಟೆ ಸೊಳ್ಳೆಯಾಗಲು ಏಳೆಂಟು ದಿನ ಸಾಕು, ಹಾಗಾಗಿ ವಾರಕ್ಕೊಮ್ಮೆ ಬರಿದು ಮಾಡಿ ಉಜ್ಜಲೇಬೇಕು. ತೇವದ ಗೋಡೆಯಲ್ಲಿ ಹಳೆಯ ವೈರಿಂಗ್ ಉಳಿಸಿಕೊಂಡರೆ ಜೀವಕ್ಕೇ ಅಪಾಯ. ಹೊಸ ಅರ್ಥಿಂಗ್ ಮತ್ತು 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಹಾಕಿಸುವ ಖರ್ಚು ಪಡಸಾಲೆಯ ಸೀಲಿಂಗಿಗಿಂತ ಕಡಿಮೆ.

ಆದ್ದರಿಂದ ಹಣದ ಪಟ್ಟಿ ಹೀಗಿರಲಿ: ಮೊದಲು ತೊಲೆ, ಜಂತಿ. ನಂತರ ಶೌಚಾಲಯ, ಬಚ್ಚಲಿನ ನೀರು ಹೋಗುವ ದಾರಿ. ಆಮೇಲೆ ವೈರಿಂಗ್, ಕಿಟಕಿ, ಬೆಳಕಿಂಡಿ. ಉಳಿದರೆ ಟೈಲ್ಸ್, ಬಣ್ಣ. ಉಳಿಯದಿದ್ದರೆ ಮುಂದಿನ ವರ್ಷ ಮಾಡಿದರಾಯಿತು. ಗೌಂಡಿಯ ಜೊತೆ ಮಾತಿಗೆ ಕೂರುವಾಗ ಮನೆಯ ಮಹಿಳೆಯರನ್ನೂ ಕೂರಿಸಿಕೊಳ್ಳಿ. ಯಾವ ಕೋಣೆಯಲ್ಲಿ ಹೊಗೆ ನಿಲ್ಲುತ್ತದೆ, ಯಾವ ಮೂಲೆಯಲ್ಲಿ ಮಧ್ಯಾಹ್ನವೂ ಕತ್ತಲೆ, ಎಲ್ಲಿ ನೀರು ಮಡುಗಟ್ಟುತ್ತದೆ ಎಂಬುದು ಅವರಿಗೆ ಗೊತ್ತು. ಅವರು ತೋರಿಸಿದ ಗೋಡೆಯಲ್ಲಿ ಮೊದಲ ಕಿಟಕಿ ತೆರೆಯಿರಿ.