ಕೂರಿಗೆ ಕೊಡದೆ ಮಗ ರೈತನಾಗೋದು ಹ್ಯಾಗೆ?

"ಹುಡುಗ ಏನ್ ಮಾಡ್ಕೊಂಡವ್ನೆ?" ಅಂತ ಹೆಣ್ಣಿನ ಕಡೆಯವರು ಕೇಳಿದರೆ ನಮ್ಮ ಚಳ್ಳಕೆರೆ ಸೀಮೆಯಲ್ಲಿ ಬರುವ ಉತ್ತರ ಎರಡೇ. ಒಂದು, "ಬೆಂಗಳೂರಾಗವ್ನೆ". ಇನ್ನೊಂದು, "ಏನಿಲ್ಲ, ಮನೇಲೇ ಅವ್ನೆ". ಈ 'ಏನಿಲ್ಲ'ದ ಹುಡುಗ ಅವತ್ತು ಬೆಳಗ್ಗೆ ಐದಕ್ಕೆ ಎದ್ದು ಹಾಲು ಕರೆದು ಡೈರಿಗೆ ಹಾಕಿ, ಮೇಕೆಗೆ ಸೊಪ್ಪು ತಂದು, ಹೊಲದಲ್ಲಿ ಕಳೆ ತೆಗೆಸಿ ಬಂದಿರುತ್ತಾನೆ. ಆದರೂ ಹೆತ್ತಪ್ಪನ ಬಾಯಲ್ಲೇ ಅವನು 'ಏನಿಲ್ಲ'. ಬೆಂಗಳೂರಿನವನು ಅಲ್ಲಿ ಏನು ಮಾಡ್ತಾನೆ ಅಂತ ಮಾತ್ರ ಯಾರೂ ಮುಂದಕ್ಕೆ ಕೇಳಲ್ಲ.

2023ರ ಫೆಬ್ರವರಿಯಲ್ಲಿ ಮದ್ದೂರು ತಾಲೂಕಿನಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಮದುವೆಯಾಗದ ಗಂಡುಮಕ್ಕಳು ಪಾದಯಾತ್ರೆ ಹೋದದ್ದು ನಿಮಗೆ ನೆನಪಿರಬಹುದು. ಬೇಸಾಯದ ಹುಡುಗರಿಗೆ ಯಾರೂ ಹೆಣ್ಣು ಕೊಡ್ತಿಲ್ಲ ಅಂತ ದೇವರ ಹತ್ತಿರ ಹೊರಟಿದ್ದರು. ಓದಿದವರು ನಕ್ಕರು. ನೀರಾವರಿ ಇರುವ ಮಂಡ್ಯದ ಕಡೆಗೇ ಹೀಗಾದರೆ ಮಳೆ ನಂಬಿದ ನಮ್ಮ ಹುಡುಗರ ಪಾಡೇನು ಅಂತ ನಾನು ಯೋಚನೆ ಮಾಡಿದೆ. ಆಮೇಲೆ ಇನ್ನೊಂದು ಅನ್ನಿಸಿತು. ಮೂವತ್ತು ದಾಟಿದ ಗಂಡಸನ್ನು ಮನೆಯವರು, ಊರವರು ಎಲ್ಲರೂ ಇನ್ನೂ 'ಹುಡುಗ' ಅಂತಾರಲ್ಲ, ಇದು ಬರೀ ಹೆಣ್ಣು ಸಿಗದ ಸಮಸ್ಯೆ ಅಲ್ಲ. ಇವನು ಯಾರು ಅನ್ನೋದು ಅವನ ಮನೆಯಲ್ಲೇ ತೀರ್ಮಾನ ಆಗಿಲ್ಲ. ಹೆಣ್ಣು ಕೊಡೋರಿಗೆ ಅದು ಹೆಂಗೆ ಕಾಣಬೇಕು?

ನಮ್ಮ ಕಾಲದಲ್ಲಿ ಎಲ್ಲ ಚೆನ್ನಾಗಿತ್ತು ಅಂತ ಹೇಳೋನಲ್ಲ ನಾನು. ಏಳನೇ ಕ್ಲಾಸಿಗೆ ನನ್ನ ಓದು ನಿಂತಿತು, ಹೈಸ್ಕೂಲು ಎಂಟು ಮೈಲಿ ದೂರ. ಅದು 1982. ಎರಡು ಹೊತ್ತು ಊಟ ಇದ್ದರೆ ಅದೇ ಹಬ್ಬ. ಆದರೆ ಒಂದು ವ್ಯವಸ್ಥೆ ಇತ್ತು. ಹುಡುಗ ಬೆಳೀತಾ ಇದ್ದಾನೆ ಅನ್ನೋದು ಅವನ ಕೈಗೆ ಬಂದ ಸಾಮಾನಿನಿಂದ ತಿಳೀತಿತ್ತು. ಏಳೆಂಟು ವರ್ಷಕ್ಕೆ ಕವಣೆ, ಸಜ್ಜೆ ತೆನೆ ಹಾಲು ತುಂಬೋ ಹೊತ್ತಿಗೆ ಅಟ್ಟಣೆ ಹತ್ತಿ ಹಕ್ಕಿ ಕಾಯೋದು. ಹತ್ತಕ್ಕೆ ಕರು, ಮೇಕೆ ಹೊಡ್ಕೊಂಡು ಹೋಗೋದು. ಹನ್ನೆರಡು ಹದಿಮೂರಕ್ಕೆ ಎಡೆಕುಂಟೆ. ಎತ್ತು ಪೈರು ತುಳಿಯದ ಹಾಗೆ ಸಾಲು ಹಿಡಿದು ನಡೆಸೋದು ಬಂತು ಅಂದರೆ ನೇಗಿಲು. ಎಲ್ಲಕ್ಕಿಂತ ಕೊನೆಗೆ ಕೂರಿಗೆ.

ಕೂರಿಗೆ ಸುಮ್ಮನೆ ಯಾರ ಕೈಗೂ ಕೊಡ್ತಿರಲಿಲ್ಲ. ನವಣೆಯಂಥ ಸಣ್ಣ ಕಾಳು ಎಕರೆಗೆ ಮೂರು ನಾಲ್ಕು ಕೆ.ಜಿ. ಸಾಕು, ಅದನ್ನು ಬಟ್ಟಲಿಗೆ ಬಿಡುವ ಕೈ ಬಿಗಿಯಾದರೆ ಸಾಲು ಬೋಳು, ಸಡಿಲವಾದರೆ ಪೈರು ಒತ್ತೊತ್ತು. ವರ್ಷಕ್ಕೆ 500 ಮಿ.ಮೀ. ಆಸುಪಾಸು ಮಳೆ ಬೀಳುವ ಜಾಗದಲ್ಲಿ ಹದ ಸಿಗೋದೇ ಎರಡು ದಿನ. ಮನೆಯ ಒಂದು ವರ್ಷದ ಊಟ ಆ ಕೈಯಲ್ಲಿ ಇರ್ತಿತ್ತು. ಕೂರಿಗೆ ಕೈಗೆ ಬಂದ ದಿವಸ "ನೀನು ದೊಡ್ಡೋನಾದೆ" ಅಂತ ಯಾರೂ ಹೇಳಲಿಲ್ಲ. ಮಾರನೇ ದಿನ ಬೀದಿಯಲ್ಲಿ ಸಿಕ್ಕ ಹಿರಿಯರು "ಲೇ" ಬಿಟ್ಟು "ನಿಮ್ಮ ಹೊಲದಾಗೆ ಹದ ಹೆಂಗೈತಪ್ಪ?" ಅಂತ ಕೇಳಿದರು. ಅಷ್ಟು ಸಾಕಾಗಿತ್ತು.

ಇದಕ್ಕೂ ಮೊದಲು ತಾತ ನನಗೆ ಒಂದು ಹೆಣ್ಣು ಮೇಕೆಮರಿ ಬಿಟ್ಟುಕೊಟ್ಟಿದ್ದ. ನಮ್ಮ ಕಡೆ ಮಕ್ಕಳ ಹೆಸರಿಗೆ ಹಾಗೆ ಮರಿ ಬಿಡೋದು ರೂಢಿ. ಅದು ಈದರೆ ಮರಿ ನಂದು, ಸತ್ತರೆ ನಷ್ಟವೂ ನಂದು. ಮೊದಲ ಹೋತ ಸಂತೆಯಲ್ಲಿ ಮಾರಿ ಮೂರು ಸೆಲ್ಲಿನ ಟಾರ್ಚು ತಂದು, ಉಳಿದ ದುಡ್ಡು ಅವ್ವನ ಕೈಗೆ ಕೊಟ್ಟೆ. ಅಪ್ಪ ಟಾರ್ಚು ನೋಡಿ ಬೈದ. ತಾತ ಎಲೆಅಡಿಕೆ ಅಗೀತಾ, "ಅವನ ಮೇಕೆ, ಅವನ ಟಾರ್ಚು, ನಿಂದೇನು?" ಅಂದ. ನನ್ನದು ಅಂತ ಒಂದು ಐತೆ, ಅದರ ಮೇಲೆ ನನ್ನ ಮಾತು ನಡೀತದೆ ಅಂತ ಮೊದಲು ತಿಳಿದದ್ದು ಆಗಲೇ.

ಈಗ ಆ ಮೆಟ್ಟಿಲೆಲ್ಲ ಹೋದವು. ಟ್ರ್ಯಾಕ್ಟರನ್ನು ಬೈಯೋಕೆ ನಾನು ಇದನ್ನು ಬರೀತಿಲ್ಲ, ನಾನೂ ಬಾಡಿಗೆಗೆ ಕರೆಸ್ತೀನಿ. ಎತ್ತು ಸಾಕೋ ಖರ್ಚು ಗೊತ್ತಿದ್ದವರು ಯಾರೂ ಬೈಯಲ್ಲ. ಆದರೆ ಆಗೋದು ಏನು ನೋಡಿ. ಪಕ್ಕದೂರಿನ ಡ್ರೈವರ್ ಬಂದು ಮೂರು ಎಕರೆ ಶೇಂಗಾ ಬಿತ್ತಿ ಹೋಗ್ತಾನೆ. ಮನೆ ಮಗ ಬದುವಿನ ಮೇಲೆ ನಿಂತು ಫೋನಿನಲ್ಲಿ ದುಡ್ಡು ಹಾಕ್ತಾನೆ. ನಮ್ಮ ಮನೆಯ ಕೂರಿಗೆ ಕೊಟ್ಟಿಗೆ ಅಟ್ಟದ ಮೇಲೆ ಐತೆ, ಕೋಳಿ ಅದರ ಮೇಲೆ ಮಲಗ್ತದೆ. ಹಿಂದೆ ಅಕ್ಕಡಿ ಸಾಲಿಗೆ ತೊಗರಿಯೋ ಅಲಸಂದೆಯೋ, ಆರಿದ್ರಕ್ಕೆ ಬಿತ್ತೋದೋ ಪುನರ್ವಸು ತನಕ ಕಾಯೋದೋ, ಮಳೆ ತಡವಾದರೆ ಸಾಮೆಯೋ ಕೊರಲೆಯೋ ಅಂತ ಮನೆಯಲ್ಲಿ ಹತ್ತು ಮಾತು ನಡೀತಿದ್ದವು. ಹುಡುಗರ ಬಾಯಿಂದಲೂ ಒಂದು ಮಾತು ಬರ್ತಿತ್ತು. ಶೇಂಗಾ ಒಂದೇ ಬೆಳೆ ಆದ ಮೇಲೆ ತೀರ್ಮಾನ ಮಾಡೋಕೆ ಉಳಿದದ್ದು ಬೀಜಕ್ಕೆಷ್ಟು, ಸಾಲಕ್ಕೆಷ್ಟು ಅನ್ನೋದು. ಅದನ್ನು ಅಪ್ಪನೇ ಇಟ್ಟುಕೊಂಡ.

ಸ್ಕೂಲಿನ ಮಾತಂತೂ ಕೇಳಬೇಡಿ. "ಓದದಿದ್ರೆ ದನ ಕಾಯೋಕೆ ಹೋಗು" ಅನ್ನೋದು ಎಲ್ಲ ಸ್ಕೂಲಿನಲ್ಲೂ ಮೇಷ್ಟ್ರು ಆಡುವ ಮಾತು. ಆಡುವವರ ಅಪ್ಪನೂ ದನ ಕಾದೇ ಅವರನ್ನು ಓದಿಸಿರ್ತಾನೆ. ನಾವೂ ಮನೆಯಲ್ಲಿ ಅದನ್ನೇ ಹೇಳ್ತೀವಿ, "ನನ್ನಂಗೆ ಮಣ್ಣಾಗೆ ಸಾಯಬೇಡ" ಅಂತ. ಹತ್ತು ವರ್ಷದ ಮಗು ಇದರಿಂದ ಏನು ತಿಳ್ಕೋತದೆ? ಅಪ್ಪ ಅವ್ವ ಮಾಡ್ತಾ ಇರೋದು ಕೆಲಸ ಅಲ್ಲ, ಶಿಕ್ಷೆ. ಅದೇ ಮಗು ಬಿ.ಎ. ಮುಗಿಸಿ, ಮೂರು ಸಲ ಪರೀಕ್ಷೆ ಕಟ್ಟಿ, ಕೆಲಸ ಸಿಗದೆ ಇಪ್ಪತ್ತನಾಲ್ಕನೇ ವರ್ಷಕ್ಕೆ ಊರಿಗೆ ಬಂದರೆ ಅವನಿಗೆ ತಾನು ಯಾರು ಅಂತ ಅನ್ನಿಸಬೇಕು? ಶಿಕ್ಷೆಗೆ ಬಂದವನು ಅಂತ. ಅವನು ಹೊಲದಲ್ಲಿ ಇಡೀ ದಿನ ಫೋನು ಒತ್ತುತಾ ಕೂತರೆ ನಾವು ಬೈತೀವಿ.

ಈ ಪತ್ರಿಕೆ ಓದುವವರಿಗೆ ಜಪಾನಿನ ಫುಕುವೋಕ ಗೊತ್ತಿರೋರೇ. ಅವರ ಬೇಸಾಯದ ವಿಚಾರ ನಾವು ಬೇಕಾದಷ್ಟು ಮಾತಾಡಿದ್ದೀವಿ, ಅವರ ಅಪ್ಪನ ವಿಚಾರ ಯಾರೂ ಮಾತಾಡಲ್ಲ. ಇಪ್ಪತ್ತೈದನೇ ವಯಸ್ಸಿಗೆ, ಯೊಕೊಹಾಮಾದಲ್ಲಿ ಗಿಡಗಳ ರೋಗ ತಪಾಸಣೆ ಮಾಡುವ ಸರ್ಕಾರಿ ಕೆಲಸ ಬಿಟ್ಟು ಮಗ ಊರಿಗೆ ಬಂದ. ಅಪ್ಪ ಚೆನ್ನಾಗಿ ಕಾಯಿ ಬಿಡುವ ಕಿತ್ತಳೆ ಜಾತಿಯ ತೋಟವನ್ನು ಅವನಿಗೆ ವಹಿಸಿದ. ಮಗ ಚಾಟ್ನಿ ಮಾಡದೆ, ಕೈ ಹಚ್ಚದೆ ಬಿಟ್ಟ. ಕೊಂಬೆ ಕೊಂಬೆಗೆ ಹೆಣೆದುಕೊಂಡು, ಹುಳ ಹತ್ತಿ ಗಿಡಗಳು ಸತ್ತವು. ಆಮೇಲೆ ಅವರು ಕೆಲವು ವರ್ಷ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡಿ, ಯುದ್ಧ ಮುಗಿದ ಮೇಲೆ ಮತ್ತೆ ಊರಿಗೇ ಬಂದರು. ಸಹಜವಾಗಿ ಬೆಳೆಯೋದು ಬೇರೆ, ಸುಮ್ಮನೆ ಕೈ ಬಿಡೋದು ಬೇರೆ ಅಂತ ಅವರಿಗೆ ತಿಳಿದದ್ದು ಆ ಒಣಗಿದ ತೋಟದಿಂದಲೇ. ನಾನು ಹೇಳೋದು ಇಷ್ಟು: ಆ ಅಪ್ಪ ಕೊಡದಿದ್ದರೆ ಒಣಗೋಕೆ ತೋಟ ಇರ್ತಿರಲಿಲ್ಲ, ಕಲಿಯೋಕೆ ಪಾಠವೂ ಇರ್ತಿರಲಿಲ್ಲ. ನಮ್ಮಲ್ಲಿ ಯಾರು ಹಾಗೆ ಒಂದು ಎಕರೆ ಒಣಗಿಸೋಕೆ ಕೊಟ್ಟೇವು? ಬಡವರಿಗೆ ಅದು ಆಗದ ಮಾತು, ಒಪ್ತೀನಿ. ಹತ್ತು ಗುಂಟೆ ಕೊಡಬಹುದಲ್ಲ?

ನಮ್ಮ ತಮ್ಮನ ಮಗಳು ಪಿ.ಯು.ಸಿ. ಓದುವಾಗ "ದೊಡ್ಡಪ್ಪ, ಆ ಮೂಲೆ ಹತ್ತು ಗುಂಟೆ ನಂಗೆ ಬಿಡಿ" ಅಂದಳು. ಗಂಡುಹುಡುಗರು ಯಾರೂ ಕೇಳದಿದ್ದಾಗ ಅವಳು ಕೇಳಿದಳು. ಒಂದು ಕೆ.ಜಿ. ನವಣೆ ಬೀಜ ತಂದು ಪುಷ್ಯ ಮಳೆಗೆ ಬಿತ್ತಿಸಿದಳು, ಜೊತೆಗೆ ನಾಲ್ಕು ಸಾಲು ತೊಗರಿ. ಅದರ ಬಗ್ಗೆ ಏನೋ ಕೇಳೋಕೆ ಕಚೇರಿಗೆ ಹೋದರೆ ಅಲ್ಲಿದ್ದವರು, "ನಿಮ್ಮಪ್ಪ ಬರ್ಲಿಲ್ವೇನಮ್ಮಾ?" ಅಂದರಂತೆ. "ಹೊಲ ನಂದು ಸಾರ್" ಅಂದಳಂತೆ. ಹಕ್ಕಿ ತಿಂದು ಉಳಿದದ್ದು ಒಂದು ಮೂಟೆಗೆ ಸ್ವಲ್ಪ ಕಡಿಮೆ. ಲೆಕ್ಕ ಹಾಕಿದರೆ ಅವಳಿಗೆ ಕೂಲಿ ಗಿಟ್ಟಲಿಲ್ಲ. ಆದರೆ ಅದಾದ ಮೇಲೆ ಮನೆಯಲ್ಲಿ ಬೀಜದ ಮಾತು ಬಂದರೆ ಅಡುಗೆಮನೆಯಿಂದ ಎದ್ದು ಬಂದು ನಮ್ಮ ಜೊತೆ ಕೂರ್ತಾಳೆ. ಮೊದಲು ಹಾಗೆ ಕೂರ್ತಿರಲಿಲ್ಲ.

ಹೆಣ್ಣುಮಕ್ಕಳ ಮಾತು ಬಂದದ್ದಕ್ಕೆ ಇನ್ನೊಂದು. ಕಳೆ ತೆಗೆಯೋರು, ಶೇಂಗಾ ಬಿಡಿಸೋರು, ಬೀಜ ಎತ್ತಿಡೋರು ಹೆಂಗಸರು. ಪಹಣಿಯಲ್ಲಿ ಹೆಸರು ಯಾರದ್ದು? ಹಿಂದೂ ಉತ್ತರಾಧಿಕಾರ ಕಾನೂನಿಗೆ ನಮ್ಮ ರಾಜ್ಯ 1994ರಲ್ಲೇ ತಿದ್ದುಪಡಿ ತಂದಿತು, 2005ರಲ್ಲಿ ಇಡೀ ದೇಶಕ್ಕೆ ಬಂತು. ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ನಮ್ಮ ಊರುಗಳಲ್ಲಿ ಮಗಳ ನೆನಪಾಗೋದು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸೋ ದಿವಸ ಮಾತ್ರ.

ಗಂಡುಮಕ್ಕಳ ಪಾಡೂ ಪಹಣಿಯಲ್ಲಿ ದೊಡ್ಡದೇನಲ್ಲ. ತಾತ ಸತ್ತು ಇಪ್ಪತ್ತು ವರ್ಷ ಆಗಿದ್ದರೂ ಪಹಣಿ ಅವನ ಹೆಸರಲ್ಲೇ ಇರುವ ಮನೆಗಳು ನಮ್ಮೂರಲ್ಲಿ ಬೇಕಾದಷ್ಟಿವೆ. ಸರ್ಕಾರವೇ ಪೌತಿ ಖಾತೆ ಆಂದೋಲನ ಮಾಡಬೇಕಾಗಿ ಬಂತು ಅಂದರೆ ನೋಡಿ. ಪಹಣಿ 2000ದ ಹೊತ್ತಿಗೆ ಕಂಪ್ಯೂಟರಿಗೆ ಹೋಯಿತು, ನಾವು ಮಾತ್ರ ಹಾಗೇ ಇದ್ದೀವಿ. ಈಗ ರೈತ ಅನ್ನಿಸ್ಕೋಬೇಕಾದರೆ ಫ್ರೂಟ್ಸ್ ನಂಬರ್ ಬೇಕು, ಅದಕ್ಕೆ ಹೆಸರಿನಲ್ಲಿ ಜಮೀನು ಬೇಕು. ಬೆಳೆವಿಮೆ, ಸೊಸೈಟಿ ಸಾಲ, ವರ್ಷಕ್ಕೆ 6,000 ರೂಪಾಯಿ ಪಿಎಂ ಕಿಸಾನ್ ದುಡ್ಡು, ಎಲ್ಲದಕ್ಕೂ ಕಾಗದದ ಮೇಲಿನ ಹೆಸರೇ ಮುಖ್ಯ. ಹದಿನೈದು ವರ್ಷ ಹೊಲ ಉತ್ತ ಮಗ ಕಾಗದದ ಲೆಕ್ಕದಲ್ಲಿ ರೈತನೇ ಅಲ್ಲ. ಹೆಣ್ಣು ಕೇಳೋಕೆ ಹೋದಾಗ 'ಏನಿಲ್ಲ' ಅಂದದ್ದು ಒಂದು ರೀತಿಯಲ್ಲಿ ಸತ್ಯವೇ ಆಯಿತು!

ಬದುಕಿರೋವಾಗಲೇ ಎಲ್ಲ ಬರೆದುಕೊಟ್ಟು ಬೀದಿಗೆ ಬಂದ ಅಪ್ಪ ಅವ್ವಂದಿರನ್ನೂ ಕಂಡಿದ್ದೀನಿ, ಅದಕ್ಕೆ ಪೂರ್ತಿ ಬರೆದುಕೊಡಿ ಅನ್ನಲ್ಲ. ನಾಲ್ಕು ಎಕರೆ ಇದ್ದರೆ ಒಂದು ಎಕರೆ ಮಗನಿಗೋ ಮಗಳಿಗೋ ಅವರು ಇಪ್ಪತ್ತೈದು ದಾಟೋದ್ರೊಳಗೆ ಹೆಸರು ಮಾಡಿಸಿ ಅಂತೀನಿ. ಅದಕ್ಕೂ ಮೊದಲು, ಹದಿನಾಲ್ಕು ಹದಿನೈದನೇ ವಯಸ್ಸಿಗೆ ಹತ್ತು ಗುಂಟೆ ಬಾಯಿಮಾತಲ್ಲೇ ಬಿಡಿ. ಸ್ಕೂಲು ಬಿಡಿಸಿ ಅಂತ ಅರ್ಥ ಅಲ್ಲ, ಭಾನುವಾರ ಇಲ್ಲವೇ? ಏನು ಬಿತ್ತಬೇಕು ಅವರೇ ಹೇಳಲಿ. ಬಂದದ್ದು ಅವರ ಕೈಗೇ ಹೋಗಲಿ, ಅದರಲ್ಲಿ ಟಾರ್ಚಾದರೂ ತರಲಿ, ಫೋನಿಗೆ ಕರೆನ್ಸಿಯಾದರೂ ಹಾಕಿಸಲಿ. ಕಷ್ಟದ ಕೆಲಸ ಒಂದೇ, ನಾವು ಬದುವಿನ ಮೇಲೆ ನಿಂತು ಬಾಯಿ ಮುಚ್ಕೊಂಡಿರೋದು. ಪೂರ್ತಿ ಮುಂಗಾರು ಸುಮ್ಮನಿರೋ ಅಪ್ಪನನ್ನು ನಾನಿನ್ನೂ ನೋಡಿಲ್ಲ.

"ಇಷ್ಟೆಲ್ಲ ಮಾಡಿದರೂ ಹೊಲ ಬೇಡ ಅಂದರೆ?" ಅಂತ ಕೇಳೋರಿದ್ದಾರೆ. ಅನ್ನಲಿ ಬಿಡಿ. ನಮ್ಮ ಪಕ್ಕದ ಮನೆಯ ಹುಡುಗ ಎರಡು ವರ್ಷ ಅರ್ಧ ಎಕರೆ ಮಾಡಿ, "ಇದು ನನ್ನ ಕೆಲಸ ಅಲ್ಲ" ಅಂತ ನೇರವಾಗಿ ಹೇಳಿ ಮೋಟಾರ್ ರೀವೈಂಡಿಂಗ್ ಕಲಿತು ಅಂಗಡಿ ಹಾಕಿದ. ಸುತ್ತ ನಾಲ್ಕು ಊರಿನ ಸುಟ್ಟ ಮೋಟಾರ್ ಅವನ ಹತ್ತಿರ ಬರ್ತವೆ. ಸೋತು ಹೋದವನಲ್ಲ ಅವನು, ನೋಡಿ ಬಿಟ್ಟವನು. ಹೊಲ ಮುಟ್ಟದೇ ಬೇಡ ಅಂದವನಿಗೂ ಇವನಿಗೂ ವ್ಯತ್ಯಾಸ ಐತೆ. ಹಾಗೇ ಬೇರೆ ಎಲ್ಲೂ ಸಲ್ಲದೆ ಹೊಲದಲ್ಲಿ ಉಳಿದವನಿಗೂ, ಬೇಕು ಅಂತ ಉಳಿದವನಿಗೂ ವ್ಯತ್ಯಾಸ ಐತೆ. ಎರಡನೆಯವನು ಹೆಣ್ಣು ನೋಡೋಕೆ ಹೋದರೆ ಅಪ್ಪ ಬಾಯಿ ತೆಗೆಯೋದ್ರೊಳಗೆ ತಾನೇ "ಬೇಸಾಯ ಮಾಡ್ತೀನಿ" ಅಂತಾನೆ.

ನಿಮ್ಮಲ್ಲಿ ಯಾರಾದರೂ ಮಕ್ಕಳಿಗೆ ಹೀಗೆ ಜಾಗ ಬಿಟ್ಟುಕೊಟ್ಟಿದ್ದರೆ ಪತ್ರಿಕೆಗೆ ಬರೆಯಿರಿ. ಎಷ್ಟು ಗುಂಟೆ, ಯಾವ ವಯಸ್ಸಿಗೆ, ಏನು ಬಿತ್ತಿದರು, ನೀವು ಎಷ್ಟು ದಿವಸ ಸುಮ್ಮನಿದ್ದಿರಿ ಅಂತ. ಮಕ್ಕಳ ಕೈಯಲ್ಲೇ ಬರೆಸಿದರೆ ಇನ್ನೂ ಒಳ್ಳೇದು.