ಕಡೆಯ ಬೆಂಚಿನ ಹುಡುಗಿಗೆ ಎಂಥ ಪುಸ್ತಕ?

ಹೈಸ್ಕೂಲನ್ನು ಬಿಡುವ ಹುಡುಗಿಯು ಅದನ್ನು ಒಂದೇ ದಿನದಲ್ಲಿ ಬಿಡುವುದಿಲ್ಲ. ಮೊದಲು ಹಾಜರಿಯು ಅಲ್ಲಲ್ಲಿ ತಪ್ಪುವುದು. ಅನಂತರ ಅವಳು ಕಡೆಯ ಬೆಂಚಿಗೆ ಸರಿಯುವಳು. ಪ್ರಶ್ನೆ ಕೇಳಿದರೆ ತಲೆ ತಗ್ಗಿಸುವಳು. ಮನೆಯಲ್ಲಿ ಎಳೆಯ ಮಗುವಿನ ಆರೈಕೆಯೋ, ತಾಯಿಯ ಕಾಯಿಲೆಯೋ, ಸಾಲದ ಕಾಟವೋ, ಮದುವೆಯ ಮಾತೋ ನಡೆದಿರುವುದು. ಕೊನೆಗೊಂದು ದಿನ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮೇಲೆ ಗೆರೆ ಬೀಳುವುದು.

2009ನೆಯ ಇಸವಿಯ ಶಿಕ್ಷಣದ ಹಕ್ಕಿನ ಕಾಯಿದೆಯು 6ರಿಂದ 14 ವರ್ಷದ ಮಕ್ಕಳಿಗೆ ಉಚಿತವೂ ಕಡ್ಡಾಯವೂ ಆದ ಶಿಕ್ಷಣವನ್ನು ವಿಧಿಸಿತು. 2006ನೆಯ ಇಸವಿಯ ಬಾಲ್ಯವಿವಾಹ ನಿಷೇಧ ಕಾಯಿದೆಯು 18 ವರ್ಷ ತುಂಬದ ಹುಡುಗಿಯ ಮದುವೆಗೆ ಅಡ್ಡ ನಿಲ್ಲುವುದು. ಆದರೆ 14ಕ್ಕೂ 18ಕ್ಕೂ ನಡುವಣ ವರ್ಷಗಳಲ್ಲಿ ಹುಡುಗಿಯನ್ನು ಶಾಲೆಗೆ ಎಳೆದು ತರತಕ್ಕದ್ದು ಕಾಯಿದೆಗಿಂತ ಹೆಚ್ಚಾಗಿ ಅವಳ ಮನಸ್ಸೇ. ಆ ಮನಸ್ಸಿಗೆ ನಾವು ಏನನ್ನು ಕೊಡುತ್ತಿದ್ದೇವೆ?

ಬಹುಮಟ್ಟಿಗೆ ಬುದ್ಧಿವಾದವನ್ನೇ ಕೊಡುತ್ತಿದ್ದೇವೆ. ನಾವು ಕೊಡುವ ನೀತಿಕಥೆಗಳಲ್ಲಿ ಮನೆಯು ಯಾವಾಗಲೂ ಶಾಂತವಾಗಿರುವುದು, ತಂದೆಯು ಕುಡಿದು ಬರುವುದಿಲ್ಲ, ಅಕ್ಕಿಯು ಮುಗಿಯುವುದಿಲ್ಲ. ಇದನ್ನು ಓದಿದ ಹುಡುಗಿಯು, ಓದೆಂಬುದು ನನ್ನಂಥವಳಿಗಲ್ಲವೆಂದು ತಿಳಿದುಕೊಂಡರೆ ತಪ್ಪು ಅವಳದಲ್ಲ. ತನ್ನ ಮನೆಯಂಥ ಮನೆಯ ಮಾತು ಯಾವ ಪುಸ್ತಕದಲ್ಲಿ ಕೇಳಿಬರುವುದೋ ಅದನ್ನು ಮೊದಲು ಅವಳ ಕೈಗೆ ಕೊಡಬೇಕೆಂಬುದು ನಮ್ಮ ಅಭಿಪ್ರಾಯವು.

ಕನ್ನಡದಲ್ಲಿ ಅಂಥವುಗಳಿಗೆ ಬಡತನವಿಲ್ಲ. 1899ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಯು, ಎಳೆಯ ವಿಧವೆಯೊಬ್ಬಳು ವಿದ್ಯೆಯನ್ನು ಪಡೆದು ಹೊಸ ಬಾಳನ್ನು ಕಂಡ ಕಥೆಯು. ‘ಫಣಿಯಮ್ಮ’ನನ್ನು ಬರೆದ ಎಂ. ಕೆ. ಇಂದಿರಾ ಅವರು ತಾವೇ 12ನೆಯ ವಯಸ್ಸಿನಲ್ಲಿ ಮದುವೆಯಾಗಿ ಶಾಲೆಯ ಓದನ್ನು ಬಿಟ್ಟವರು. ನಲವತ್ತು ದಾಟಿದ ಮೇಲೆ ಕಾದಂಬರಿಗಳನ್ನು ಬರೆಯತೊಡಗಿದವರು. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಎಂಬುದರಲ್ಲಿ ತಂದೆಯ ಹಟಕ್ಕೆ ಸಿಕ್ಕಿ ನೊಂದ ನಾದಿರಾ ಇದ್ದಾಳೆ. ಸಿದ್ಧಲಿಂಗಯ್ಯನವರ ‘ಊರುಕೇರಿ’ಯಲ್ಲಿ ಹಸಿವೆಯೂ ಇದೆ, ಹಾಸ್ಟೆಲಿನ ಓದೂ ಇದೆ, ಮನಸಾರೆ ನಗುವೂ ಇದೆ.

ಇಂಥ ಪುಸ್ತಕಗಳು ಹುಡುಗಿಯರಿಗೆ ಎದುರುತ್ತರವನ್ನು ಕಲಿಸುವುವೆಂದು ಕೆಲವು ಪೋಷಕರು ಆಕ್ಷೇಪಿಸುವರು. ಎದುರುತ್ತರ ಕೊಡುವ ಮಗಳಿಗಿಂತ, ಏನನ್ನೂ ಹೇಳದೆ ಒಳಗೊಳಗೇ ಕೊರಗುವ ಮಗಳ ವಿಷಯದಲ್ಲಿ ಭಯಪಡುವುದು ಹೆಚ್ಚು ಯುಕ್ತವು. ತನ್ನ ಕಷ್ಟವನ್ನು ಹೇಳಲು ಮಾತು ದೊರೆತವಳು ಅದನ್ನು ಉಪಾಧ್ಯಾಯಿನಿಯ ಮುಂದಾದರೂ ಇಡುವಳು. ಆಗಲೇ ಸಹಾಯಕ್ಕೆ ದಾರಿಯಾಗುವುದು. ಬಡವರ ಮಗಳಿಗೆ ಬಡತನದ ಕಥೆಯನ್ನೇ ಓದಿಸುವುದು ನ್ಯಾಯವೇ ಎಂದು ಬೇರೆ ಕೆಲವರು ಕೇಳುವರು. ಈ ಮಾತಿನಲ್ಲಿ ಸತ್ಯವುಂಟು. ತನ್ನ ಮನೆಯ ಪುಸ್ತಕವು ಮೊದಲನೆಯ ಮೆಟ್ಟಿಲೇ ಹೊರತು ಅಟ್ಟವಲ್ಲ. ದೇಶ ಸುತ್ತು, ಕೋಶ ಓದು ಎಂಬ ಗಾದೆಯುಂಟಷ್ಟೆ. ದೇಶವನ್ನು ಸುತ್ತಲಾರದವಳಿಗೆ ನಕ್ಷತ್ರಗಳ, ಸಮುದ್ರಗಳ, ಪರದೇಶಗಳ ಪುಸ್ತಕಗಳು ಮುಂದೆ ಬೇಕೇ ಬೇಕು.

ಕೊಡುವ ರೀತಿಯೂ ಮುಖ್ಯವು. ವಾರಕ್ಕೆ ಒಂದು ಗಂಟೆ ಉಪಾಧ್ಯಾಯಿನಿಯು ಗಟ್ಟಿಯಾಗಿ ಓದಲಿ. ಪ್ರಕರಣವು ರುಚಿಗಟ್ಟಿದಲ್ಲಿ ನಿಲ್ಲಿಸಿ, ಪುಸ್ತಕವನ್ನು ಮೇಜಿನ ಮೇಲೆ ಬಿಟ್ಟು ಹೋಗಲಿ. ಕೊನೆಯಲ್ಲಿ ನೀತಿಯೇನೆಂದು ಕೇಳದಿರಲಿ, ಅಂಕಗಳನ್ನೂ ಕೊಡದಿರಲಿ. ಎಲ್ಲರ ಮುಂದೆ ಒಬ್ಬಳನ್ನೇ ಎಬ್ಬಿಸಿ, ಇದು ನಿನ್ನ ಕಥೆಯಲ್ಲವೇ ಎಂದು ಎಂದಿಗೂ ಕೇಳಬಾರದು. ಹಿಡಿಸದ ಪುಸ್ತಕವನ್ನು ಹಿಂದಿರುಗಿಸಲು ಅವಳಿಗೆ ಸ್ವಾತಂತ್ರ್ಯವಿರಬೇಕು.

ಪುಸ್ತಕವು ಸಾಲವನ್ನು ತೀರಿಸಲಾರದು, ಕಾಯಿಲೆಯನ್ನು ವಾಸಿಮಾಡಲಾರದು. ಆದರೆ ಕಥೆಯ ಮುಂದಿನ ಭಾಗವನ್ನು ಕೇಳಲಿಕ್ಕೆಂದು ಮಾರನೆಯ ವಾರ ಬಂದವಳ ಹೆಸರು ಹಾಜರಿಯಲ್ಲಿ ಇನ್ನೊಂದು ವಾರ ಉಳಿಯುವುದು. ಹೀಗೆ ವಾರಗಳನ್ನು ಸೇರಿಸಿಯೇ ವರ್ಷವನ್ನು ಗೆಲ್ಲಬೇಕಾಗಿದೆ.

ಆದುದರಿಂದ, ಹಳೆಯ ವಿದ್ಯಾರ್ಥಿನಿಯರಾದ ಸಹೋದರಿಯರೇ, ಶಾಲೆಗೆ ಕಾಣಿಕೆ ಕೊಡುವಾಗ ಬೀಗ ಹಾಕಿದ ಕಪಾಟಿಗೆ ಒಪ್ಪುವ ಗ್ರಂಥಗಳನ್ನಲ್ಲ, ನಿಮ್ಮ ಎಳೆತನದಲ್ಲಿ ನಿಮ್ಮನ್ನು ಕೈಹಿಡಿದು ನಿಲ್ಲಿಸಿದ ಒಂದು ಪುಸ್ತಕವನ್ನು ಕೊಡಿರಿ. ತಾಯಿತಂದೆಗಳೇ, ಮಗಳು ಅದನ್ನು ಮನೆಗೆ ತಂದ ಸಂಜೆ ಪಾತ್ರೆ ತೊಳೆಯುವ ಕೆಲಸದಿಂದ ಅರ್ಧ ಗಂಟೆ ಅವಳನ್ನು ಬಿಡಿರಿ. ಸಾಧ್ಯವಾದರೆ, ಒಂದು ಪುಟವನ್ನು ಓದಿ ಹೇಳೆಂದು ಅವಳ ಬಳಿಯಲ್ಲಿ ಕುಳಿತುಕೊಳ್ಳಿರಿ.